ನ್ಯಾನೋ ಸಂಶೋಧನೆ: ಹಂಚಿಕೊಂಡ ಕ್ಲೀನ್‌ರೂಮ್ ಏಕೆ ಬೇಕು?

ನ್ಯಾನೋಮೀಟರ್ ಎಂದರೆ ಮೀಟರಿನ 100 ಕೋಟಿಯಲ್ಲಿ ಒಂದು ಭಾಗ. 1ರಿಂದ 100 ನ್ಯಾನೋಮೀಟರ್ ಅಳತೆಯಲ್ಲಿ ವಸ್ತುವಿನ ಗುಣವೇ ಬದಲಾಗಬಹುದು. ಚಿನ್ನದ ನ್ಯಾನೋಕಣಗಳು ಬೆರೆತ ನೀರು ಕೆಂಪಾಗಿ ಕಾಣುತ್ತದೆ. 2004ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅಂಟುಪಟ್ಟಿಯಿಂದಲೇ ಗ್ರಾಫೈಟಿನ ಪದರ ಬಿಡಿಸಿ ಗ್ರಾಫೀನ್ ಪಡೆದರು. 2010ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು. ಅಂಟುಪಟ್ಟಿಯೇ ಸಾಕಾದರೆ ಕೋಟಿಗಟ್ಟಲೆ ವೆಚ್ಚದ ಕ್ಲೀನ್‌ರೂಮ್, ಅಂದರೆ ಧೂಳು ನಿಯಂತ್ರಿತ ಕೊಠಡಿ, ಏಕೆ ಎಂಬ ಆಕ್ಷೇಪ ಸಹಜ. ಆದರೆ ಪದರ ಬಿಡಿಸುವುದು ಒಂದು ಕೆಲಸ, ಅದರಿಂದ ಟ್ರಾನ್ಸಿಸ್ಟರ್ ಮಾಡುವುದು ಇನ್ನೊಂದು. ಸಿಲಿಕಾನ್ ಬಿಲ್ಲೆಗೆ ರೆಸಿಸ್ಟ್ ಎಂಬ ಲೇಪ ಬಳಿದು, ಎಲೆಕ್ಟ್ರಾನ್ ಕಿರಣದಿಂದ ವಿನ್ಯಾಸ ಬರೆದು, ಲೋಹ ಲೇಪಿಸಿ, ಬೇಡದ್ದನ್ನು ತೆಗೆಯಬೇಕು. ನಡುವೆ ಒಂದು ಧೂಳಿನ ಕಣ ಕುಳಿತರೂ ಸಾಧನ ಕೆಡಬಹುದು.

ಇಂಥ ಕ್ಲೀನ್‌ರೂಮನ್ನು ಪ್ರತಿ ಕಾಲೇಜೂ ಕಟ್ಟಿಕೊಳ್ಳಲಾಗದು. ಆದ್ದರಿಂದಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐಐಟಿ ಬಾಂಬೆಯಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ಆರಂಭವಾದ ‘ಇಂಡಿಯನ್ ನ್ಯಾನೋಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಂ’, ಕೇಂದ್ರದ 2007ರ ನ್ಯಾನೋ ಮಿಷನ್ ಯೋಜನೆಯಷ್ಟೇ ಮುಖ್ಯವೆಂದು ನನ್ನ ಎಣಿಕೆ. ಹೊರಗಿನ ಸಂಶೋಧಕರೂ ಅಲ್ಲಿ ತರಬೇತಿ ಪಡೆದು ಸಾಧನ ತಯಾರಿಸಬಹುದು. ಚಿಪ್ ಕಾರ್ಖಾನೆಗಳು ಎಷ್ಟೋ ಮುಂದಿರುವಾಗ ವಿಶ್ವವಿದ್ಯಾಲಯಕ್ಕೇಕೆ ಈ ಕೆಲಸ ಎನ್ನುವವರುಂಟು. ಕಾರ್ಖಾನೆ ಪಳಗಿದ ವಿಧಾನದಿಂದ ಕದಲಲು ಹಿಂಜರಿಯುತ್ತದೆ. ಹೊಸ ವಸ್ತು ಸೇರಿದರೆ ಇಡೀ ಉತ್ಪಾದನೆ ಮಲಿನವಾಗುವ ಭಯ. ಮಾಲಿಬ್ಡಿನಂ ಡೈಸಲ್ಫೈಡ್‌ನಂಥ ತೆಳು ಪದರಗಳನ್ನು ಹತ್ತು ಸಲ ಸೋತರೂ ಮತ್ತೆ ಪರೀಕ್ಷಿಸುವ ಜಾಗ ವಿಶ್ವವಿದ್ಯಾಲಯವೇ.