ಹಿಮ್ಮಡಿಯ ಮುಳ್ಳಿನ ಮೇಲೆ ತಪ್ಪು ಹೊರಿಸಬೇಡಿ

ಪ್ರಶ್ನೆ: ನನಗೆ 44 ವರ್ಷ. ಸೀರೆ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಇರಬೇಕು, ಒಳಗೆ ಚಪ್ಪಲಿ ಹಾಕುವಂತಿಲ್ಲ. ಐದು ತಿಂಗಳಿಂದ ಬಲಗಾಲಿನ ಹಿಮ್ಮಡಿ ನೋವು. ಬೆಳಿಗ್ಗೆ ಎದ್ದು ಕಾಲೂರಿದರೆ ಮೊಳೆ ತುಳಿದ ಹಾಗಾಗುತ್ತದೆ, ಗೋಡೆ ಹಿಡಿದುಕೊಂಡೇ ಬಚ್ಚಲಿಗೆ ಹೋಗುತ್ತೇನೆ. ಸ್ವಲ್ಪ ಓಡಾಡಿದ ಮೇಲೆ ಪರವಾಗಿಲ್ಲ. ಎಕ್ಸ್‌ರೇ ತೆಗೆಸಿದೆ, ಮೂಳೆ ಮುಳ್ಳಿನಂತೆ ಬೆಳೆದಿದೆ ಎಂದರು. ಅತ್ತೆ ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕದ ಎಲೆ ಹಾಸಿ ಶಾಖ ಕೊಡಿಸುತ್ತಿದ್ದಾರೆ. ಮುಳ್ಳನ್ನು ಕೊಯ್ದು ತೆಗೆಸಲೇಬೇಕೇ?
- ದಾವಣಗೆರೆಯ ಓದುಗರು

ಉತ್ತರ: ಬೇಡ. ಎಕ್ಸ್‌ರೇ ನೋಡಿ ಹೆದರಿ ಬರೆಯುವವರಲ್ಲಿ ನೀವು ಮೊದಲಿಗರಲ್ಲ. ಆ ಮುಳ್ಳು ಇದ್ದೂ ಒಂದು ದಿನವೂ ನೋವು ಕಾಣದವರು ಎಷ್ಟೋ ಮಂದಿ. ಮುಳ್ಳೇ ಇಲ್ಲದೆ ನಿಮ್ಮ ಹಾಗೆ ಕುಂಟುವವರೂ ಅಷ್ಟೇ ಮಂದಿ ಸಿಗುತ್ತಾರೆ.

ನೋವಿರುವುದು ನಾರಿನಲ್ಲಿ. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಡಿ ದಪ್ಪನೆಯ ನಾರಿನ ಪಟ್ಟಿಯೊಂದಿದೆ. ಹನ್ನೊಂದು ಗಂಟೆ ಬರಿಗಾಲಲ್ಲಿ ಗಟ್ಟಿ ನೆಲದ ಮೇಲೆ ನಿಂತರೆ ಅದು ಮೂಳೆಗೆ ಅಂಟಿದ ಜಾಗದಲ್ಲೇ ಜಗ್ಗಿ ಜಗ್ಗಿ ಸವೆಯುತ್ತದೆ. ವೈದ್ಯರು ಪ್ಲಾಂಟರ್ ಫೇಸಿಯೈಟಿಸ್ ಎನ್ನುವುದು ಇದಕ್ಕೇ. ರಾತ್ರಿ ಪಾದ ಕೆಳಮುಖವಾಗಿ ಬಾಗಿರುವುದರಿಂದ ಪಟ್ಟಿ ಮುದುಡುತ್ತದೆ. ಬೆಳಗಿನ ಮೊದಲ ಹೆಜ್ಜೆ ಅದನ್ನು ಒಮ್ಮೆಲೇ ಎಳೆಯುತ್ತದೆ. ಮೊಳೆ ತುಳಿದ ಹಾಗಾಗುವುದು ಆಗ. ಮೀನಖಂಡ ಬಿಗಿದಿದ್ದರೆ, ಮೈತೂಕ ಏರಿದ್ದರೆ ಈ ಎಳೆತ ಇನ್ನೂ ಹೆಚ್ಚು.

ಆದ್ದರಿಂದ ಮೊದಲ ಹೆಜ್ಜೆಗೆ ಮುಂಚೆಯೇ ಪಟ್ಟಿಯನ್ನು ಸಡಿಲಿಸಿ. ಹಾಸಿಗೆಯಲ್ಲೇ ಕೂತು ಬಲಪಾದವನ್ನು ಎಡತೊಡೆಯ ಮೇಲಿಟ್ಟುಕೊಳ್ಳಿ. ಬೆರಳುಗಳನ್ನು ಮೊಣಕಾಲಿನ ಕಡೆ ಮಡಚಿ ಎಳೆಯಿರಿ. ಇನ್ನೊಂದು ಕೈಯಿಂದ ಅಂಗಾಲು ಮುಟ್ಟಿದರೆ ಪಟ್ಟಿ ಹಗ್ಗದಂತೆ ಬಿಗಿದದ್ದು ಸಿಗಬೇಕು, ಸಿಗದಿದ್ದರೆ ನೀವು ಎಳೆದದ್ದು ಸಾಲದು. ಹತ್ತು ಎಣಿಸಿ ಬಿಡಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಬಾರಿ.

ಎರಡನೆಯದಕ್ಕೆ ಮೆಟ್ಟಿಲು ಬೇಕು. ಟವೆಲ್ ಸುತ್ತಿ ಬೆರಳುಗಳಡಿ ಇಟ್ಟು, ಹಿಮ್ಮಡಿ ಮೆಟ್ಟಿಲಿನಾಚೆ ತೂಗುವಂತೆ ನೋಯುವ ಕಾಲಲ್ಲಿ ನಿಂತು, ಗೋಡೆ ಹಿಡಿದು ಮೂರು ಎಣಿಸುತ್ತ ಹಿಮ್ಮಡಿ ಎತ್ತಿ, ಎರಡು ಎಣಿಸುವಷ್ಟು ಹೊತ್ತು ನಿಲ್ಲಿ, ಮತ್ತೆ ಮೂರು ಎಣಿಸುತ್ತ ಇಳಿಸಿ. ಹನ್ನೆರಡು ಸಲ, ದಿನ ಬಿಟ್ಟು ದಿನ. ಡೆನ್ಮಾರ್ಕ್‌ನಲ್ಲಿ 48 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದಾಗ, ಬರೀ ಎಳೆತದ ವ್ಯಾಯಾಮ ಮಾಡಿದವರಿಗಿಂತ ಇದನ್ನು ಮಾಡಿದವರು ಮೂರು ತಿಂಗಳಲ್ಲಿ ಹೆಚ್ಚು ಚೇತರಿಸಿಕೊಂಡಿದ್ದರು. ವರ್ಷ ಕಳೆಯುವಷ್ಟರಲ್ಲಿ ಎರಡೂ ಗುಂಪು ಸಮ. ಎಂದರೆ, ಬೇಗ ಬೇಕಿದ್ದರೆ ಮೆಟ್ಟಿಲು ಹತ್ತಿ.

ಮನೆಯಲ್ಲಿ ಟೈಲ್ಸ್ ಮೇಲೆ ಬರಿಗಾಲು ಬೇಡ, ಹಿಮ್ಮಡಿ ತುಸು ಎತ್ತರವಿರುವ ಮೆತ್ತನೆಯ ಚಪ್ಪಲಿ ಇರಲಿ. ಅಂಗಡಿಗೆಂದೇ ಬೇರೆ ಜೋಡಿ ಇಟ್ಟುಕೊಳ್ಳಲು ಮಾಲೀಕರನ್ನು ಕೇಳಿ, ಜೊತೆಗೆ ಒಂದು ಸ್ಟೂಲನ್ನೂ. ಸಂಕೋಚ ಬೇಡ. ಅಂಗಡಿ ಕೆಲಸಗಾರರಿಗೆ ಕೂರಲು ಜಾಗ ಕೊಡಲೇಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಿವೆ. ಗಿರಾಕಿ ಇಲ್ಲದ ಹೊತ್ತಲ್ಲೂ ನಿಂತೇ ಇರಬೇಕೆನ್ನುವುದು ಯಾವ ವ್ಯಾಪಾರವೋ ನನಗಂತೂ ಅರ್ಥವಾಗಿಲ್ಲ.

ಸ್ಟೆರಾಯ್ಡ್ ಇಂಜೆಕ್ಷನ್ ಕೆಲವು ವಾರ ಸುಖ ಕೊಡುತ್ತದೆ. ಪದೇ ಪದೇ ಹಾಕಿಸಿದರೆ ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳುವಾಗಬಹುದು, ಪಟ್ಟಿಯೇ ಹರಿಯಬಹುದು. ಮೊದಲಿಗೇ ಅದಕ್ಕೆ ಕೈಹಾಕಬೇಡಿ. ಹತ್ತರಲ್ಲಿ ಎಂಟು ಮಂದಿಗಾದರೂ ಚಾಕು, ಸೂಜಿ ಇಲ್ಲದೆಯೇ ಒಂದು ವರ್ಷದೊಳಗೆ ವಾಸಿಯಾಗುತ್ತದೆ. ಆದರೆ ಮಲಗಿದಾಗಲೂ ನೋವು, ಊತ, ಜ್ವರ, ಪಾದ ಜೋಮು ಹಿಡಿಯುವುದು, ಹಿಮ್ಮಡಿಯನ್ನು ಎರಡೂ ಬದಿಯಿಂದ ಅದುಮಿದರೆ ಚೀರುವಂತಾಗುವುದು, ಇವುಗಳಲ್ಲಿ ಒಂದಿದ್ದರೂ ಮೂಳೆ ವೈದ್ಯರಿಗೆ ತೋರಿಸಿ.

ಇನ್ನು ಅತ್ತೆಯವರ ಇಟ್ಟಿಗೆ. ಹದವಾದ ಶಾಖ ಬಿಗಿತವನ್ನು ಸಡಿಲಿಸುತ್ತದೆ, ಅವರ ಅಕ್ಕರೆಗೂ ಬೆಲೆಯಿದೆ. ಎಕ್ಕದ ಹಾಲು ಮಾತ್ರ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ತಾಗಿದರೆ ದೃಷ್ಟಿಗೇ ಅಪಾಯ. ಎಲೆ ಬಿಟ್ಟು ದಪ್ಪ ಬಟ್ಟೆ ಹಾಸಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾಗಿದ್ದರೆ ಸುಟ್ಟದ್ದೂ ತಿಳಿಯುವುದಿಲ್ಲ. ರಕ್ತಪರೀಕ್ಷೆ ಮಾಡಿಸಿದ ವಿಷಯ ನೀವು ಬರೆದಿಲ್ಲ. ಈ ವಾರವೇ ಮಾಡಿಸಿ, ಅಲ್ಲಿಯವರೆಗೆ ಇಟ್ಟಿಗೆ ಮೂಲೆಯಲ್ಲಿರಲಿ.