ದಡದಲ್ಲಿ ಸಿಗುವ ಆರು ಗಂಟೆಗಳ ಲೆಕ್ಕ

ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ಸ್ನಾರ್ಕೆಲಿಂಗ್ ಮಾಡಲು ನಾನು, ಹೆಂಡತಿ, ಮಗಳು ಮೂವರಿಗೆ 285 ಡಾಲರ್ ಕೊಟ್ಟೆವು. ತಲೆಗೆ 95. ಕ್ರೂಸ್ ಹಡಗಿನವರೇ ಮಾರುವ ಟೂರ್ ಅದು. ಅದೇ ಕಡಲಿಗೆ ಸ್ಥಳೀಯ ದೋಣಿಯವರು ಹೆಚ್ಚುಕಡಿಮೆ ಅರ್ಧ ಬೆಲೆಗೆ ಕರೆದೊಯ್ಯುತ್ತಾರೆ. ಟ್ಯಾಂಪಾದಲ್ಲಿರುವ ನನ್ನ ಹೆಂಡತಿಯ ಅಣ್ಣ ಬಿಲ್ ನೋಡಿ, ‘ದುಡ್ಡು ಹೆಚ್ಚಾಗಿದೆಯಾ ಭಾವ?’ ಎಂದರು. ಹೆಚ್ಚಾಗಿರಲಿಲ್ಲ. ಆದರೂ ಆ ದ್ವೀಪದ ಮಟ್ಟಿಗೆ ಇವತ್ತೂ ನಾನು ಅದೇ ಟಿಕೆಟ್ ತೆಗೆಯುತ್ತೇನೆ. ಮಾರನೆಯ ದಿನದ ಬಂದರಾದ ಮೆಕ್ಸಿಕೊದ ಕೊಝುಮೆಲ್‌ನಲ್ಲಿ ಅದನ್ನು ಮುಟ್ಟುವುದೂ ಇಲ್ಲ.

ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಏಪ್ರಿಲ್ ಎಂದರೆ ಬೋನಸ್ಸು, ಮಕ್ಕಳಿಗೆ ರಜೆ. ಅಮೆರಿಕದಲ್ಲಿರುವ ಅಣ್ಣನನ್ನೋ ಅಕ್ಕನನ್ನೋ ನೋಡಲು ಹೊರಟವರು ಈಗ ಮಯಾಮಿಯಿಂದ ಒಂದು ಕ್ರೂಸನ್ನೂ ಸೇರಿಸಿಕೊಳ್ಳುತ್ತಾರೆ. ನಮ್ಮ ಅಪಾರ್ಟ್‌ಮೆಂಟ್‌ನಿಂದಲೇ ಪ್ರತಿ ವರ್ಷ ಎರಡು ಮೂರು ಮನೆಯವರು ಎಕ್ಸೆಲ್ ಶೀಟ್ ಹಿಡಿದು ನನ್ನ ಬಳಿ ಬರುತ್ತಾರೆ. ವಿಮಾನ, ಕ್ಯಾಬಿನ್, ವೈಫೈ ಎಲ್ಲಕ್ಕೂ ಒಂದೊಂದು ಸಾಲು. ದಿನಕ್ಕೆ ತಲೆಗೆ 16ರಿಂದ 20 ಡಾಲರ್‌ವರೆಗೆ ಬೀಳುವ ಗ್ರಾಚ್ಯುಟಿಯೂ (ಹಡಗಿನ ಸಿಬ್ಬಂದಿಯ ಟಿಪ್ಸ್) ಇರುತ್ತದೆ. ಬಂದರುಗಳ ಮುಂದೆ ಮಾತ್ರ ‘ಬೀಚ್’ ಎಂದು ಬರೆದು ಬಿಟ್ಟಿರುತ್ತಾರೆ. ಹೋಗುವುದೇ ಅದಕ್ಕಾಗಿ, ಅದಕ್ಕೇ ಲೆಕ್ಕವಿಲ್ಲ.

ಕೇಮನ್‌ನ ರಾಜಧಾನಿ ಜಾರ್ಜ್‌ಟೌನ್‌ನಲ್ಲಿ ದೊಡ್ಡ ಹಡಗು ನಿಲ್ಲುವ ಕಟ್ಟೆಯೇ ಇಲ್ಲ. ಕಟ್ಟೋಣವೇ ಎಂದು 2025ರ ಏಪ್ರಿಲ್‌ನಲ್ಲಿ ಜನಮತ ಕೇಳಿದಾಗ ಅಲ್ಲಿಯವರು ಬೇಡ ಎಂದರು. ಹಾಗಾಗಿ ಹಡಗು ದೂರದಲ್ಲೇ ಲಂಗರು ಹಾಕುತ್ತದೆ, ಜನರನ್ನು ಟೆಂಡರ್ ದೋಣಿಗಳಲ್ಲಿ ದಡಕ್ಕೆ ಸಾಗಿಸುತ್ತಾರೆ. ಹೋಗಲೂ ಸರದಿ, ಮರಳಲೂ ಸರದಿ. ಕೊನೆಯ ಟೆಂಡರ್ ತಪ್ಪಿತೆಂದರೆ ಮುಂದಿನ ಊರಿಗೆ ನಿಮ್ಮದೇ ಖರ್ಚು. ಭಾರತದ ಪಾಸ್‌ಪೋರ್ಟ್ ಹಿಡಿದವರಿಗೆ ವೀಸಾದ ಪ್ರಶ್ನೆಯೂ ಎದುರಾಗುತ್ತದೆ. ಹಡಗಿನವರ ಟೂರ್‌ನಲ್ಲಿ ಹೋದರೆ, ತಡವಾದಾಗ ಹಡಗು ಕಾಯುತ್ತದೆ, ಇಲ್ಲವೇ ಅವರೇ ನಿಮ್ಮನ್ನು ಮುಂದಿನ ಬಂದರಿಗೆ ಮುಟ್ಟಿಸುತ್ತಾರೆ. ನಾನು ದುಡ್ಡು ಕೊಟ್ಟದ್ದು ಈ ಭರವಸೆಗೆ.

ಇನ್ನೊಂದು ಅಪಾಯ ಗಡಿಯಾರದ್ದು. ಮಾರ್ಚ್‌ನಿಂದ ನವೆಂಬರ್‌ವರೆಗೆ ಮಯಾಮಿಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ. ಕೇಮನ್‌ನಲ್ಲೂ ಕೊಝುಮೆಲ್‌ನಲ್ಲೂ ಆ ಪದ್ಧತಿ ಇಲ್ಲ. ಹಡಗು ಮಯಾಮಿ ಸಮಯವನ್ನೇ ಪಾಲಿಸುತ್ತಿದ್ದರೆ, ದಡಕ್ಕೆ ಇಳಿದ ಕೂಡಲೇ ನಿಮ್ಮ ಫೋನು ತಾನಾಗಿ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಫೋನಿನಲ್ಲಿ 3 ಗಂಟೆ, ಹಡಗಿನಲ್ಲಿ ಆಗಲೇ 4. ನಮ್ಮ ಮಕ್ಕಳ ಬೇಸಿಗೆ ರಜೆ ಬರುವುದು ಸರಿಯಾಗಿ ಈ ತಿಂಗಳುಗಳಲ್ಲಿ. ಕೈಗೆ ಮಾಮೂಲಿ ಮುಳ್ಳಿನ ವಾಚ್ ಕಟ್ಟಿಕೊಳ್ಳಿ, ಹಡಗಿನ ಸಮಯ ಇಟ್ಟುಕೊಳ್ಳಿ.

ಈಗ ಲೆಕ್ಕ. ಡಾಲರಿಗೆ 85 ರೂಪಾಯಿ ಹಿಡಿಯೋಣ. 285 ಡಾಲರ್ ಎಂದರೆ 24,225 ರೂಪಾಯಿ. ಸಾಮಾನ್ಯ ಕ್ರೆಡಿಟ್ ಕಾರ್ಡಾದರೆ ಫೋರೆಕ್ಸ್ ಮಾರ್ಕಪ್ ಶೇ 3.5, ಅಂದರೆ 848. ಅದರ ಮೇಲೆ ಶೇ 18 ಜಿಎಸ್‌ಟಿ, ಅದು 153. ಒಟ್ಟು 25,226. ಮೂವರಿಗೆ ಹಂಚಿದರೆ ತಲೆಗೆ 8,409. ದಡದಲ್ಲಿ ಸಿಕ್ಕ ಸಮಯ ಆರು ಗಂಟೆ. ಅದರಲ್ಲಿ ಟೆಂಡರ್ ಸರದಿ, ಬಸ್ಸು, ದೋಣಿ, ಲೈಫ್ ಜಾಕೆಟ್ ಹಂಚಿಕೆ, ಸೂಚನೆಗಳು ಎಲ್ಲ ಕಳೆದು ನಾವು ನಿಜವಾಗಿ ನೀರಿನಲ್ಲಿ ಇದ್ದದ್ದು ಹವಳದ ದಿಬ್ಬದ ಬಳಿ 50 ನಿಮಿಷ, ತೊರಕೆ ಮೀನುಗಳು ಸೇರುವ ಸ್ಟಿಂಗ್‌ರೇ ಸಿಟಿಯ ಮರಳ ದಿಣ್ಣೆಯಲ್ಲಿ 40 ನಿಮಿಷ. ಒಂದೂವರೆ ಗಂಟೆ. ಅಂದರೆ ನೀರಿನಲ್ಲಿ ಕಳೆದ ಒಂದು ಗಂಟೆಗೆ ತಲೆಗೆ 5,606 ರೂಪಾಯಿ.

ಕೊಝುಮೆಲ್‌ನಲ್ಲಿ ಹಡಗು ಕಟ್ಟೆಗೇ ಬಂದು ನಿಲ್ಲುತ್ತದೆ, ಇಳಿದು ನಡೆದರೆ ಊರು. ಟ್ಯಾಕ್ಸಿಗೆ ಹೋಗಿಬರಲು 40 ಡಾಲರ್, ಬೀಚ್ ಕ್ಲಬ್ ಪ್ರವೇಶ ಮೂವರಿಗೆ 60. ನೂರು ಡಾಲರ್, 8,500 ರೂಪಾಯಿ, ನಗದು. ಎರಡೂವರೆ ಗಂಟೆ ನೀರಿನಲ್ಲಿದ್ದೆವು, ಮಾಸ್ಕ್ ನಮ್ಮದೇ. ಗಂಟೆಗೆ ತಲೆಗೆ 1,133. ಕೇಮನ್‌ನ ಖರ್ಚಿನ ಐದರಲ್ಲಿ ಒಂದು ಪಾಲು. ಮೆಸೊ ಅಮೆರಿಕನ್ ಹವಳದ ಸಾಲು ಹಾದುಹೋಗುವ ಕಡಲು ಅದು. ದಡದಿಂದ ಸ್ವಲ್ಪವೇ ದೂರ ಈಜಿದರೂ ನೀಲಿ, ಹಳದಿ ಮೀನುಗಳು ಮುಖದ ಮುಂದೆಯೇ ಓಡಾಡುತ್ತವೆ. ಇಲ್ಲಿ ಹಡಗಿನ ಟೂರ್ ತೆಗೆದುಕೊಂಡರೆ ಬೇಡದ ಭರವಸೆಗೆ ದುಡ್ಡು ಕಟ್ಟಿದಂತೆ. ಕಾರ್ಡ್ ಯಂತ್ರ ‘ರೂಪಾಯಿಯಲ್ಲಿ ಕೊಡುತ್ತೀರಾ?’ ಎಂದು ಕೇಳಿದರೆ ಬೇಡ ಎನ್ನಿ, ಪೆಸೊ ಒತ್ತಿ. ಕೇಮನ್‌ನಲ್ಲಿ ಬೋರ್ಡಿನ ಮೇಲಿನ ಡಾಲರ್ ಅಮೆರಿಕದ್ದೇ ಎಂದುಕೊಳ್ಳಬೇಡಿ. ಒಂದು ಕೇಮನ್ ಡಾಲರಿಗೆ 1.20 ಅಮೆರಿಕನ್ ಡಾಲರ್.

ನನಗೆ ಸಹನೆ ಕೆಡುವುದು ಮಾಲ್‌ಗಳಲ್ಲಿ ಮೇಜು ಹಾಕಿಕೊಂಡು ಮಾರುವ ‘ಆಲ್ ಪೋರ್ಟ್ ಬಂಡಲ್’ ನೋಡಿದಾಗ. ಎಲ್ಲ ಬಂದರುಗಳ ಟೂರ್ ಒಟ್ಟಿಗೆ, ಅದಕ್ಕೂ ನೋ ಕಾಸ್ಟ್ ಇಎಂಐ! ಶೂನ್ಯ ಬಡ್ಡಿ ಎನ್ನುವುದು ಇಲ್ಲವೇ ಇಲ್ಲ ಎಂದು ಆರ್‌ಬಿಐ 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಬಡ್ಡಿಯಷ್ಟನ್ನು ರಿಯಾಯಿತಿ ಎಂದು ಕಳೆದು, ಅದನ್ನೇ ಕಂತಿನಲ್ಲಿ ವಸೂಲು ಮಾಡುತ್ತಾರೆ. ಬಡ್ಡಿಯ ಮೇಲಿನ ಜಿಎಸ್‌ಟಿ, ಪ್ರೊಸೆಸಿಂಗ್ ಫೀ ನಿಮ್ಮ ತಲೆಗೆ. ಅದಕ್ಕಿಂತ ಕೆಟ್ಟದ್ದು ರೀಫಂಡ್. ಅಲೆ ಜೋರಾದರೆ ಟೆಂಡರ್ ಇಳಿಸಲಾಗದೆ ಹಡಗು ಜಾರ್ಜ್‌ಟೌನನ್ನು ಬಿಟ್ಟೇ ಮುಂದೆ ಹೋಗುತ್ತದೆ. ಆಗ ಹಡಗಿನಲ್ಲೇ ಕೊಂಡ ಟೂರ್‌ನ ದುಡ್ಡು ನಿಮ್ಮ ಖಾತೆಗೆ ತಾನಾಗಿ ಮರಳುತ್ತದೆ. ಬಂಡಲ್ ಕೊಂಡ ನಮ್ಮ ಬ್ಲಾಕಿನ ಒಬ್ಬರು ಏಜೆಂಟರ ಹಿಂದೆ ತಿಂಗಳುಗಟ್ಟಲೆ ಅಲೆದರು. ಅಷ್ಟು ತಿಂಗಳೂ ಕಾಣದ ಕಡಲಿಗೆ ಕಂತು ಕಟ್ಟಿದರು. ಅದನ್ನು ಕೊಳ್ಳಬೇಡಿ. ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ.

ಬೋನಸ್ ಬಂದ ರಾತ್ರಿ ಟಿಕೆಟ್ ತೆಗೆಯುವ ಅಭ್ಯಾಸವನ್ನೂ ಬಿಡಬೇಕು. ಐಟಿಪಿಎಲ್ ಕಡೆಯಿಂದ ಟ್ರಾಫಿಕ್‌ನಲ್ಲಿ ನಲುಗಿ ಮನೆಗೆ ಬಂದವನಿಗೆ ಫೋನಿನಲ್ಲಿ ಕಂಡ ನೀಲಿ ನೀರೆಲ್ಲ ಬೇಕೆನಿಸುತ್ತದೆ. ಒಂದು ವಾರ ಬಿಟ್ಟು, ಮನೆಯವರೆಲ್ಲ ಕೂತು, ಯಾರಿಗೆ ನೀರಿಗಿಳಿಯಲು ನಿಜವಾಗಿ ಇಷ್ಟ ಎಂದು ಕೇಳಿ. ಅತ್ತೆಗೆ ಈಜು ಬಾರದು, ಬಿಸಿಲು ಆಗದು ಎಂದು ಗೊತ್ತಿದ್ದೂ ಅವರ ಹೆಸರಲ್ಲಿ ಸ್ನಾರ್ಕೆಲ್ ಟಿಕೆಟ್ ತೆಗೆಯುವವರಿದ್ದಾರೆ. ಆಮೇಲೆ ಅವರು ದೋಣಿಯಲ್ಲಿ ಚೀಲ ಕಾಯುತ್ತಾ ಕೂರುತ್ತಾರೆ. ಇದು ಹಿರಿಯರಿಗೆ ಮಾಡುವ ಅನ್ಯಾಯ.

ಸ್ನಾರ್ಕೆಲ್‌ನಲ್ಲಿ ಬಾಯಿಯಿಂದ ಉಸಿರಾಡುವುದನ್ನು ಇಲ್ಲೇ ಕಲಿತು ಹೋಗಬೇಕು. 95 ಡಾಲರ್ ಕೊಟ್ಟು ಕಲಿಯುವ ವಿದ್ಯೆ ಅದಲ್ಲ. ನನ್ನ ಮಗಳು ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳದಲ್ಲೇ ಅಭ್ಯಾಸ ಮಾಡಿದಳು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕೊಳಕ್ಕೆ ಕುಡಿಯುವ ನೀರು ಬಳಸಬಾರದೆಂದು ಆದೇಶಿಸಿದ್ದು ನೆನಪಿರಬಹುದು. ಅಂಥ ಬೇಸಿಗೆ ಮತ್ತೆ ಬಂದರೆ ಕೊಳವನ್ನು ನಂಬುವಂತಿಲ್ಲ, ಚಳಿಗಾಲದಲ್ಲೇ ಮುಗಿಸಿಕೊಳ್ಳಿ. ಕನ್ನಡಕ ಹಾಕುವವರು ನಂಬರ್ ಇರುವ ಮಾಸ್ಕನ್ನೇ ಕೊಳ್ಳಬೇಕು, ಬಾಡಿಗೆಗೆ ಅದು ಸಿಗುವುದು ಕಷ್ಟ. ಮಗಳಿಗೆ ಕೇಮನ್‌ನಲ್ಲಿ ತೊರಕೆ ಮೀನಿನ ಕಿವಿರು ತೆರೆದು ಮುಚ್ಚುವುದು ಕೂಡ ಕಂಡದ್ದು ಅಂಥ ಮಾಸ್ಕಿನಿಂದ. ಸೊಂಟದ ಮಟ್ಟದ ನೀರಿನಲ್ಲಿ, ಕಾಲೆತ್ತಿ ಇಡದೆ ಮರಳಿನ ಮೇಲೆ ಎಳೆದುಕೊಂಡೇ ನಡೆಯುತ್ತಾ ಅವಳು ಒಂದೊಂದೇ ಮೀನಿನ ಹಿಂದೆ ಹೋದಳು.

ಕಡಲಿನ ಅಭ್ಯಾಸವೇ ಬೇಕೆಂದರೆ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ. ಬೈಯಪ್ಪನಹಳ್ಳಿಯ ಎಸ್‌ಎಂವಿಟಿಯಿಂದ ಮುರ್ಡೇಶ್ವರಕ್ಕೇ ರೈಲಿದೆ, ವೈಟ್‌ಫೀಲ್ಡ್‌ನವರಿಗೆ ಆ ನಿಲ್ದಾಣ ಹತ್ತಿರ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ದೋಣಿಯಲ್ಲಿ ಹೊಟ್ಟೆ ತೊಳೆಸುತ್ತದೋ ಇಲ್ಲವೋ, ಆಳ ಕಂಡರೆ ಭಯವೋ ಎಂಬುದು ಅಲ್ಲೇ ಗೊತ್ತಾಗಿಬಿಡುತ್ತದೆ.

ಈ ಸಲ ಶೀಟ್ ತಂದ ಪಕ್ಕದ ಬ್ಲಾಕಿನ ದಂಪತಿಗೆ ಮೊದಲು ಅಮೆರಿಕದ ವೀಸಾದಲ್ಲಿ ಎಂಟ್ರೀಸ್ ಎಂಬಲ್ಲಿ ‘ಎಂ’ ಇದೆಯೇ ನೋಡಿ ಎಂದೆ. ಹಡಗು ಹತ್ತಿ ಬಂದರೆ ಮತ್ತೆ ಆ ದೇಶದೊಳಗೆ ಹೋಗಬೇಕಲ್ಲ. ಇತ್ತು. ಕೇಮನ್‌ಗೆ ಹಡಗಿನ ಟೂರ್, ಅದೂ ನೀರಿಗಿಳಿಯುವ ಇಬ್ಬರಿಗೆ ಮಾತ್ರ ಬರೆದುಕೊಂಡರು. ಕೊಝುಮೆಲ್‌ನ ಸಾಲಿನಲ್ಲಿ ಟ್ಯಾಕ್ಸಿಗೆ 40 ಡಾಲರ್ ನಗದು.