ಎರಡು ಕೈಯ ಬೀಗ

ಅಜ್ಜಿಯ ಗೊಂಚಲಿನಲ್ಲಿ 17 ಬೀಗದ ಕೈಗಳಿದ್ದವು. ಹೊಣಕೆರೆ ಹೋಬಳಿಯ ನಮ್ಮ ತೊಟ್ಟಿಮನೆಯನ್ನು ಬಿಚ್ಚಿಸುವ ಹೊತ್ತಿಗೆ ಉಳಿದಿದ್ದ ಹಳೆಯ ಬೀಗಗಳು ನಾಲ್ಕೇ: ನಡುಮನೆ ಕೋಣೆಯದು, ಗೋಡೆ ಬೀರುವಿನದು, ಅಟ್ಟದ್ದು, ಹಲಸಿನ ಮರದ ದೊಡ್ಡ ಪೆಟ್ಟಿಗೆಯದು. ಅಜ್ಜಿ ತೀರಿಹೋಗಿ ಆರು ವರ್ಷವಾಗಿತ್ತು. ಯಾವ ಕೈ ಯಾವುದರದು ಎಂದು ಹೇಳುವವರು ಮನೆಯಲ್ಲಿ ಇರಲಿಲ್ಲ.

ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಗೊಂಚಲು ಬಿಚ್ಚಿ, ಹಿತ್ತಾಳೆಯ ಕೈಗಳನ್ನು ಹುಣಸೆಹಣ್ಣು ಹಾಕಿ ಬೆಳಗಿದೆ, ಕಬ್ಬಿಣದವನ್ನು ಉಪ್ಪುಕಾಗದದಲ್ಲಿ ಉಜ್ಜಿದೆ. ಆರೇಳು ಕೈಗಳ ಬಳೆಗೆ ಜಿಡ್ಡುಗಟ್ಟಿದ ಬಟ್ಟೆಚೂರು ಸುತ್ತಿತ್ತು. ಒಂದು ಕೆಂಪು, ಇನ್ನೊಂದು ಸೀರೆಯ ಅಂಚು, ಮತ್ತೊಂದು ಗೋಣಿದಾರ. ಕೊಳೆ ಎಂದುಕೊಂಡು ಎಲ್ಲವನ್ನೂ ಕತ್ತರಿಸಿ ಒಲೆಗೆ ಹಾಕಿದೆ. ಅಜ್ಜಿಗೆ ಓದುಬರಹ ಬರುತ್ತಿರಲಿಲ್ಲ. ಆ ಚೂರುಗಳೇ ಅವಳ ಚೀಟಿಗಳು. ಕೆಂಪು ಬಟ್ಟೆ ಕಟ್ಟಿದ್ದು ಅಟ್ಟದ್ದು ಎಂದು ನಮ್ಮ ಚಿಕ್ಕತ್ತೆ ಹೇಳಿದಾಗ ಮೂರು ತಿಂಗಳು ಕಳೆದಿತ್ತು.

ಎರಡನೆಯ ತಪ್ಪು ಕೋಣೆಯ ಬೀಗದಲ್ಲಿ ಆಯಿತು. ಗಾತ್ರ ಸರಿಹೊಂದಿದ ಒಂದು ಕೈಯನ್ನು ತೂರಿಸಿ, ಅರ್ಧ ತಿರುಗಿ ನಿಂತಾಗ ಇಕ್ಕಳ ಹಿಡಿದು ತಿರುಚಿದೆ. ಹಲ್ಲು ಒಳಗೇ ಮುರಿದು ಉಳಿಯಿತು. ಅದಕ್ಕೂ ಮೊದಲು ಹರಳೆಣ್ಣೆ ಬೇರೆ ಸುರಿದಿದ್ದೆ. ವರ್ಷಗಟ್ಟಲೆಯ ಧೂಳಿಗೆ ಎಣ್ಣೆ ಸೇರಿ ಒಳಗೆಲ್ಲ ಅಂಟು ಅಂಟಾಗಿತ್ತು.

ಬೀಗವನ್ನು ಕದದಿಂದ ಕಳಚಿಕೊಂಡು ನಾಗಮಂಗಲಕ್ಕೆ ಹೋದೆ. ಲೋಹದ ವಿಗ್ರಹ, ಹಿತ್ತಾಳೆ ಪಾತ್ರೆಗಳಿಗೆ ಹಿಂದಿನಿಂದ ಹೆಸರಾದ ಊರು ಅದು. ಅಲ್ಲಿ ಬೀಗ ರಿಪೇರಿ ಮಾಡುವ ಹಿರಿಯರೊಬ್ಬರು ಬೀಗದ ಹಿಂದಿನ ತಗಡು ಬಿಚ್ಚಿ ತೋರಿಸಿದರು. "ತಿರುಗ್ಲಿಲ್ಲ ಅಂದ್ರೆ ಈ ಕೈ ಇದರದಲ್ಲ ಅಂತ ತಿಳ್ಕೋಬೇಕು ಕಣಪ್ಪ. ಜೋರು ಮಾಡಬಾರ್ದು" ಎಂದರು. ಎಣ್ಣೆಯ ಬದಲು ಪೆನ್ಸಿಲ್ ಕಡ್ಡಿಯನ್ನು ನುಣ್ಣಗೆ ಪುಡಿಮಾಡಿ ಊದಲು ಹೇಳಿದರು. ಆಮೇಲೆ ನನ್ನ ಗೊಂಚಲನ್ನು ಮುಂದೆ ಹರಡಿಕೊಂಡು ಕೂತರು.

ಅವರು ಮೊದಲು ನೋಡಿದ್ದು ದಂಡಿಗೆಯ ತುದಿಯನ್ನು. ತುದಿ ಕೊಳವೆಯಂತೆ ಟೊಳ್ಳಾಗಿದ್ದರೆ ಬೀಗದೊಳಗೆ ಒಂದು ಮೊಳೆ ನಿಂತಿರುತ್ತದೆ, ಕೈ ಅದರ ಮೇಲೆ ಕೂರುತ್ತದೆ. ಅಂಥ ಬೀಗ ಒಂದೇ ಕಡೆಯಿಂದ ತೆರೆಯುವಂಥದ್ದು. ಹಾಗಾಗಿ ಪೆಟ್ಟಿಗೆ, ಬೀರು, ತೂಗುಬೀಗಗಳಲ್ಲಿ ಹುಡುಕಬೇಕು. ದಂಡಿಗೆ ಗಟ್ಟಿಯಾಗಿದ್ದು, ಹಲ್ಲಿನ ಕಚ್ಚು ಎಡಬಲಕ್ಕೆ ಒಂದೇ ಸಮ ಇದ್ದರೆ ಅದು ಒಳಗಿನಿಂದಲೂ ಹೊರಗಿನಿಂದಲೂ ಹಾಕುವ ಕದದ ಬೀಗದ್ದು. ಇಷ್ಟರಲ್ಲೇ ನನ್ನ 17 ಕೈಗಳು ಎರಡು ಗುಂಪಾದವು. ಬೀರುವಿನ ಕೈ ಅಂದೇ ಸಿಕ್ಕಿತು.

ಆಮೇಲೆ ಹಲ್ಲು. ಹಲ್ಲಿನ ಹೊರ ಅಂಚು ಮೆಟ್ಟಿಲಿನಂತೆ ಏರುಪೇರಾಗಿದ್ದರೆ ಒಳಗೆ ಲಿವರ್‌ಗಳಿವೆ. ಪ್ರತಿ ಮೆಟ್ಟಿಲೂ ಒಂದೊಂದು ಲಿವರನ್ನು ಸರಿಯಾದ ಎತ್ತರಕ್ಕೆ ಎತ್ತಬೇಕು. ಅಂಚು ನೇರವಾಗಿದ್ದು ಪಕ್ಕದಲ್ಲಿ ಸೀಳು ಕೊರೆದಿದ್ದರೆ ಅದು ಬರಿಯ ತಡೆಯ ಬೀಗದ್ದು: ಒಳಗೆ ಗೋಡೆಯಂಥ ತಗಡುಗಳಿರುತ್ತವೆ, ಸೀಳಿರುವ ಕೈ ಮಾತ್ರ ಅವನ್ನು ದಾಟಿ ತಿರುಗುತ್ತದೆ. ಕೋಣೆಯದು ಲಿವರ್ ಬೀಗ. ನಾನು ತಿರುಚಿದ್ದು ತಡೆಯ ಬೀಗದ ಕೈ.

ಅಟ್ಟದ ಬೀಗಕ್ಕೆ ಗೊಂಚಲಿನಲ್ಲಿ ಉಳಿದಿದ್ದ ಯಾವ ಕೈಯೂ ಕೂಡಲಿಲ್ಲ. ಅದಕ್ಕೆ ಅವರು ಹೊಸ ಕೈ ಮಾಡಿದ ರೀತಿಯನ್ನು ನಾನು ಮರೆಯಲಾರೆ. ಹಲ್ಲು ಕೊರೆಯದ ಹಿತ್ತಾಳೆಯ ಕೈಯೊಂದಕ್ಕೆ ದೀಪದ ಮಸಿ ಹಿಡಿಸಿ, ಬೀಗದೊಳಗೆ ತೂರಿಸಿ, ಮೆಲ್ಲಗೆ ತಿರುಗಿಸಿ ತೆಗೆದರು. ಒಳಗಿನ ತಡೆ ತಾಗಿದ ಕಡೆ ಮಸಿ ಒರೆಸಿ ಹೋಗಿ ಗೆರೆ ಹೊಳೆಯುತ್ತಿತ್ತು. ಅಲ್ಲಿ ಅರ ಹಾಕಿದರು. ಮತ್ತೆ ಮಸಿ, ಮತ್ತೆ ಅರ. ಒಂಬತ್ತನೆಯ ಸಲಕ್ಕೆ ಕೊಂಡಿ ಬಿಟ್ಟುಕೊಂಡಿತು.

ಈ ಓದು ಬಂದ ಮೇಲೆ ಮಾರುವವರ ಮಾತನ್ನೂ ತೂಗಿ ನೋಡಲು ಕಲಿತೆ. ಶ್ರೀರಂಗಪಟ್ಟಣದಲ್ಲಿ ಒಮ್ಮೆ ಒಬ್ಬರು ತೂಗುಬೀಗವೊಂದನ್ನು ಟಿಪ್ಪು ಕಾಲದ್ದು ಎಂದು ಕೈಗಿತ್ತರು. ಅದರ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ '6 ಲಿವರ್ಸ್' ಎಂದು ಒತ್ತಿತ್ತು. ಟಿಪ್ಪು ಮಡಿದದ್ದು 1799ರಲ್ಲಿ. ಇಂಗ್ಲೆಂಡಿನ ಚಬ್ ತನ್ನ ಹೆಸರಾಂತ ಲಿವರ್ ಬೀಗಕ್ಕೆ ಪೇಟೆಂಟ್ ಪಡೆದದ್ದೇ 1818ರಲ್ಲಿ. ಬೊಂಬಾಯಿಯಲ್ಲಿ ಅರ್ದೇಶಿರ್ ಗೋದ್ರೆಜ್ ಬೀಗದ ಕಾರ್ಖಾನೆ ಹಾಕಿದ್ದು 1897ರಲ್ಲಿ. ನಮ್ಮ ಮನೆಗಳಲ್ಲಿ ಸಿಗುವ ಲಿವರ್ ತೂಗುಬೀಗಗಳು ಬಹುಮಟ್ಟಿಗೆ ಅಲಿಗಢ, ದಿಂಡಿಗಲ್ ಅಥವಾ ಬೊಂಬಾಯಿಯವು, ನೂರು ವರ್ಷದ ಆಚೀಚೆಯವು. ಅಷ್ಟು ಹಳೆಯದಾದರೂ ಬೆಲೆಯುಳ್ಳದ್ದೇ. ಅದಕ್ಕೆ ಸುಲ್ತಾನನ ಹೆಸರು ಬೇಕಿಲ್ಲ.

ಉಳಿದದ್ದು ಪೆಟ್ಟಿಗೆ. ಅಂಗೈ ಅಗಲದ ಹಿತ್ತಾಳೆಯ ತೂಗುಬೀಗ, ಮುಂದೆ ಒಂದು ತೂತು, ತಳದಲ್ಲಿ ಹೂವಿನಾಕಾರದ ಬಿಲ್ಲೆ. ಕೊಳವೆ ತುದಿಯ ಒಂದು ಕೈ ಸಲೀಸಾಗಿ ಒಳಹೋಗಿ ಅರ್ಧ ಸುತ್ತು ತಿರುಗುತ್ತಿತ್ತು, ಅಷ್ಟೇ. ಇದೂ ಬೇರೆ ಬೀಗದ್ದೇ ಇರಬೇಕೆಂದು ಎಷ್ಟೋ ಸಲ ಪಕ್ಕಕ್ಕಿಟ್ಟೆ. ಬಡಗಿ ಉಳಿ ಎತ್ತಿಕೊಂಡಾಗ ಮಾತ್ರ ತಡೆದೆ. ಕೋಣೆಯ ಬೀಗದ ಪಾಠ ಅಷ್ಟನ್ನಾದರೂ ಕಲಿಸಿತ್ತು.

ಕೊನೆಗೆ ಕೇಳಿದ್ದು ಮೇಲಿನ ಬೀದಿಯ ದೊಡ್ಡಪ್ಪನನ್ನು, ನಮ್ಮಜ್ಜನ ಅಣ್ಣನ ಮಗ. ಎಂಬತ್ತು ದಾಟಿದವರು. ಬೀಗದ ಫೋಟೊ ನೋಡಿದ್ದೇ ನಕ್ಕುಬಿಟ್ಟರು. "ಅದು ಒಂದೇ ಕೈಗೆ ತೆರೆಯೋ ಬೀಗ ಅಲ್ಲ ಕಣ್ಲಾ ಮಗ. ನಿಮ್ಮಜ್ಜನೂ ನಮ್ಮಪ್ಪನೂ ಪಾಲಾದಾಗ ತಂದು ಹಾಕಿದ್ದು. ಒಂದು ನಿಮ್ಮನೇಲಿ, ಒಂದು ನಮ್ಮನೇಲಿ ಮಡಗಿದ್ರು." ದೊಡ್ಡವ್ವ ದೇವರ ಗೂಡಿನಿಂದ ತಂದುಕೊಟ್ಟದ್ದು ಹಲ್ಲೇ ಇಲ್ಲದ ಒಂದು ಕೈ, ತುದಿಗೆ ತಿರುಪಿನ ಸುತ್ತುಗಳಿದ್ದವು. ನಮ್ಮ ಕೈ ಅರ್ಧ ಸುತ್ತು ತಿರುಗಿದರೆ ತಳದ ಬಿಲ್ಲೆ ಸರಿಯುತ್ತದೆ. ಅಲ್ಲಿ ಕಾಣುವ ತೂತಿಗೆ ಅವರ ತಿರುಪು ಕೈ ಹಾಕಿ ತಿರುಗಿಸುತ್ತ ಹೋದರೆ ಕೊಂಡಿಯನ್ನು ಹಿಡಿದ ಕೀಲು ಹಿಂದಕ್ಕೆ ಬರುತ್ತದೆ. ಇಬ್ಬರೂ ಕೂಡಿದರೆ ಮಾತ್ರ ಪೆಟ್ಟಿಗೆ ತೆರೆಯಬೇಕೆಂದು ಅಣ್ಣತಮ್ಮಂದಿರು ಮಾಡಿಕೊಂಡಿದ್ದ ಏರ್ಪಾಡು. ಒಳಗೆ ಪಾಲುಪಾರೀಖತ್ತಿನ ಕಾಗದ, ಕಂದಾಯದ ರಸೀದಿಗಳು, ಒಂದು ಬೆಳ್ಳಿಯ ಉಡಿದಾರ ಇದ್ದವು. ಉಡಿದಾರ ಯಾರದೆಂದು ದೊಡ್ಡಪ್ಪನಿಗೆ ಗೊತ್ತಿತ್ತು. ಹುಟ್ಟಿ ವರ್ಷ ತುಂಬುವ ಮೊದಲೇ ತೀರಿಕೊಂಡ ಅವರ ತಮ್ಮನದು. ಅದನ್ನು ಅವರಿಗೇ ಕೊಟ್ಟೆ.

ಒಂದು ವಿಷಯ ಮಾತ್ರ ಸರಿಪಡಿಸಲಾಗಲಿಲ್ಲ. ಮೊಳದುದ್ದದ, ತುದಿ ಕುಡುಗೋಲಿನಂತೆ ಬಾಗಿದ ಕಬ್ಬಿಣವೊಂದನ್ನು ಒಲೆ ಕೆದಕುವುದು ಎಂದುಕೊಂಡು ಗುಜರಿಗೆ ಹಾಕಿದ್ದೆ. ಹೆಬ್ಬಾಗಿಲಿನ ಚೌಕಟ್ಟು ಕಿತ್ತಾಗ ಪಕ್ಕದಲ್ಲಿ ಮಣ್ಣು ಮೆತ್ತಿ ಮುಚ್ಚಿದ್ದ ತೂತು ಕಂಡಿತು. ಹೊರಗಿನಿಂದ ಆ ಕಬ್ಬಿಣವನ್ನು ತೂರಿಸಿ ಒಳಗಿನ ಮರದ ಅಗುಳಿಯನ್ನು ಸರಿಸುತ್ತಿದ್ದರು. ಮನೆಯ ಅತಿ ಹಳೆಯ ಬೀಗದ ಕೈ ಅದೇ ಆಗಿತ್ತು.

ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು ನಮ್ಮ ನಾಗಮಂಗಲ ತಾಲ್ಲೂಕಿನವರೇ. ಮನೆಮನೆಯ ಬಳಕೆಯ ಸಾಮಾನುಗಳೂ ಕಾಪಾಡತಕ್ಕವು ಎಂದು ಅವರು ರಾಮನಗರದ ಆ ಸಂಗ್ರಹಾಲಯದಲ್ಲಿ ತೋರಿಸಿಕೊಟ್ಟರು. ನಮ್ಮ ಕಡೆ ಈಗ ವರ್ಷವರ್ಷವೂ ತೊಟ್ಟಿಮನೆಗಳನ್ನು ಬಿಚ್ಚುತ್ತಿದ್ದಾರೆ. ನಿಮ್ಮ ಮನೆಯ ಸರದಿ ಬಂದಿದ್ದರೆ, ಕದ ಕೀಳುವ ಮೊದಲು ಬೀಗದ ಕೈಗಳನ್ನು ಹಿರಿಯರ ಮುಂದೆ ಹರಡಿ ಕೇಳಿ, ಹೇಳಿದ್ದನ್ನು ಬರೆದು ಬೀಗದ ಜೊತೆಗೇ ಇಡಿ. ಪಾಲಾದ ದಾಯಾದಿಗಳ ಮನೆಯಲ್ಲೂ ವಿಚಾರಿಸಿ. ಕೈಗೆ ಬಟ್ಟೆಚೂರು ಕಟ್ಟಿದ್ದರೆ ದಯವಿಟ್ಟು ಬಿಚ್ಚಬೇಡಿ.